ನಾಗರಾಣಿಯ ಹನ್ನೆರಡು ಹಾಳೆಗಳು

೨೦೨೫ರ ಮಾರ್ಚ್ ೪, ಮಂಗಳವಾರ. ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಠಾಣೆಗೆ ಫೋನ್ ಬಂತು. ದೂರು ಕೊಟ್ಟವರು ಮಿಸೆಸ್ ಬ್ರ್ಯಾಂಟ್, ವಯಸ್ಸು ಎಪ್ಪತ್ತೆಂಟು, ಅಮೆರಿಕದ ಡೆಟ್ರಾಯಿಟ್ ಪಕ್ಕದ ನಾರ್ತ್‌ವಿಲ್‌ನಲ್ಲಿರುವ ಬ್ರ್ಯಾಂಟ್ ಹೌಸ್ ಎಂಬ ಖಾಸಗಿ ಬ್ಯಾಲೆ ನೃತ್ಯ ಸಂಗ್ರಹಾಲಯದ ಒಡತಿ. ಅವರ ಗೋಡೆಯ ಮೇಲಿದ್ದ ಹನ್ನೆರಡು ಚಿತ್ರಗಳಲ್ಲಿ ಒಂಬತ್ತು ನಕಲಿಯಂತೆ. ಅಸಲಿ ಯಾವಾಗ ಹೋಯಿತು, ಎಲ್ಲಿಗೆ ಹೋಯಿತು ಗೊತ್ತಿಲ್ಲ. ಯಾರು ಕದ್ದರು ಅನ್ನುವುದು ಮಾತ್ರ ಗೊತ್ತು ಎಂದರು.

ದೂರು ಬರೆದುಕೊಂಡವನು ಡಿಟೆಕ್ಟಿವ್ ಹೃಷೀಕೇಶ. ನಮ್ಮ ಕಡೆ ಆಗಿದ್ದರೆ ಎಫ್‌ಐಆರ್ ಅನ್ನುತ್ತಿದ್ದರು, ಇಲ್ಲಿ ಇನ್ಸಿಡೆಂಟ್ ರಿಪೋರ್ಟ್. ಹೆಸರು ಬೇರೆ, ತಲೆನೋವು ಒಂದೇ. ಅವನಿಗೆ ಐವತ್ತೆರಡು. ಒಂಬತ್ತು ವರ್ಷದವನಿದ್ದಾಗ ಅಪ್ಪ ಅಮ್ಮನ ಜೊತೆ ಮೈಸೂರಿನಿಂದ ಡೆಟ್ರಾಯಿಟ್ ಕಡೆಗೆ ಬಂದವನು, ಪೊಲೀಸ್ ಕೆಲಸಕ್ಕೆ ಸೇರಿ ಇಪ್ಪತ್ತನಾಲ್ಕು ವರ್ಷವಾಗಿತ್ತು. ಆ ಚಳಿಗಾಲ ಪೂರ್ತಿ, ನಿಂತ ಕಾರುಗಳ ಕೆಳಗೆ ತೂರಿ ಪಾರ್ಟ್ ಬಿಚ್ಚಿಕೊಂಡು ಹೋಗುವ ಕಳ್ಳರ ಹಿಂದೆ ಬಿದ್ದು ಸುಸ್ತು ಹೊಡೆದಿದ್ದ. ಚಿತ್ರ, ಬ್ಯಾಲೆ ಅಂದ ಕೂಡಲೇ, ಇದೊಂದು ಬಾಕಿ ಇತ್ತು ನೋಡು ಅನಿಸಿತು. ಜಾಕೆಟ್ ಹಾಕಿಕೊಂಡು, ಜೊತೆಗೆ ಆಫೀಸರ್ ಬೆಕರ್ ಎಂಬ ಹುಷಾರಿ ಹೆಂಗಸನ್ನು ಕರೆದುಕೊಂಡು ಹೊರಟ.

ಹನ್ನೊಂದೂವರೆಗೆ ಬ್ರ್ಯಾಂಟ್ ಹೌಸ್ ತಲುಪಿದರು. ಚಿತ್ರಗಳು ತಪಾಸಣೆಗೆ ಹೋಗಿದ್ದರಿಂದ ಹಜಾರದಲ್ಲಿ ಮೊಳೆಗಳಷ್ಟೇ ಇದ್ದವು. ಮಿಸೆಸ್ ಬ್ರ್ಯಾಂಟ್ ಒಂದೊಂದು ಮೊಳೆಯ ಕೆಳಗೂ ನಿಂತು ಅಲ್ಲಿ ಯಾವ ಚಿತ್ರವಿತ್ತು ಎಂದು ವಿವರಿಸಿದರು. ಅವರ ತಾತ ಶಿಕಾಗೊದಲ್ಲಿ ಬ್ಯಾಲೆ ತಂಡ ಕಟ್ಟಿದ್ದವರು. ೧೯೨೧ರಲ್ಲಿ 'ನಾಗರಾಣಿ' ಅಂತೊಂದು ಬ್ಯಾಲೆ ಆಡಿಸಿದ್ದರು. ಆ ಕಾಲಕ್ಕೆ ಬ್ಯಾಲೆಯವರು ಬಿಗಿ ರವಿಕೆ, ಗಂಜಿ ಹಾಕಿದ ಬಿಳಿ ಲಂಗ ಎಲ್ಲ ಕಿತ್ತೆಸೆದು, ಬರಿಗಾಲಲ್ಲಿ, ಸಡಿಲ ಚಲ್ಲಣದಲ್ಲಿ, ಮೈಮೇಲೆ ಹೊಸ ಹೊಸ ಬಣ್ಣದಲ್ಲಿ ಕುಣಿಯಲು ಶುರುಮಾಡಿದ್ದರಂತೆ. ವೇಷ ಬರೆದ ಚಿತ್ರಕಾರ ಹಾವಾಡಿಗನನ್ನೂ ನೋಡಿರಲಿಲ್ಲ, ಇಂಡಿಯಾವನ್ನೂ ನೋಡಿರಲಿಲ್ಲ. ಆದರೂ ಹಾಳೆಗೊಂದರಂತೆ ಹನ್ನೆರಡು ವೇಷ ಬರೆದ. ಅಂಚಿನಲ್ಲಿ ದರ್ಜಿಗೆ ಸೂಚನೆ, ಎಲ್ಲಿ ನೆರಿಗೆ, ಎಲ್ಲಿ ಗುಂಡಿ ಅಂತ; ಒಂಬತ್ತು ಹಾಳೆಗಳಿಗೆ ಮೂಲೆಯಲ್ಲಿ ಮಾದರಿಗೆಂದು ಬಟ್ಟೆಯ ತುಂಡೊಂದನ್ನು ಪಿನ್ ಮಾಡಿದ್ದ. ಬ್ಯಾಲೆ ಆರು ಪ್ರದರ್ಶನಕ್ಕೇ ಮುಗಿದುಹೋಯಿತು. ಬಟ್ಟೆಗಳೆಲ್ಲ ಹಾಳಾದವು. ಉಳಿದದ್ದು ಈ ಹನ್ನೆರಡು ಹಾಳೆ.

ಏಪ್ರಿಲ್‌ನಲ್ಲಿ ಶಿಕಾಗೊದಲ್ಲೊಂದು ಪ್ರದರ್ಶನ ಇತ್ತು. ಅದಕ್ಕೆ ಮೊದಲು ತಪಾಸಣೆಗೆಂದು ಶಿಕಾಗೊ ಪಕ್ಕದ ಎಲ್ಕ್ ಗ್ರೋವ್ ವಿಲೇಜ್‌ನ ಒಂದು ಲ್ಯಾಬ್‌ಗೆ ಹನ್ನೆರಡೂ ಹಾಳೆಗಳನ್ನು ಕಳಿಸಿದ್ದರು. ಸೋಮವಾರ ವರದಿ ಬಂತು.

ಮಿಸೆಸ್ ಬ್ರ್ಯಾಂಟ್ ಅನುಮಾನ ಕರೋಲ್ ಮೇಲೆ. ಕರೋಲ್ ಆ ಮನೆಯನ್ನು ಹತ್ತೊಂಬತ್ತು ವರ್ಷದಿಂದ ನೋಡಿಕೊಳ್ಳುತ್ತಿದ್ದಾಕೆ. ಫ್ರೇಮಿನ ಕೀಲಿ ಅವಳ ಬಳಿ, ಫ್ರೇಮ್ ಬಿಚ್ಚಿದಾಗಲೆಲ್ಲ ರಿಜಿಸ್ಟರಿನಲ್ಲಿ ಸಹಿ ಅವಳದ್ದು. ಸೋಮವಾರ ಸಂಜೆಯೇ ಕೆಲಸದಿಂದ ತೆಗೆದಾಗಿತ್ತು. ಶುಕ್ರವಾರ ವಕೀಲರ ಜೊತೆ ಬಂದು ಅವಳ ಮೇಲೆ ಕೇಸು ಹಾಕಿಸುತ್ತೇನೆ ಎಂದರು.

ಮಧ್ಯಾಹ್ನ ಎರಡಕ್ಕೆ ಕರೋಲ್ ಠಾಣೆಗೆ ಬಂದಳು. ಅರವತ್ತಾಗಿರಬೇಕು, ಅತ್ತು ಅತ್ತು ಮುಖ ಊದಿತ್ತು.

"ಫ್ರೇಮ್ ಬಿಚ್ಚೋ ಅಧಿಕಾರ ಯಾರಿಗಿತ್ತು?"

"ನನಗೊಬ್ಬಳಿಗೇ."

"ಬಿಚ್ಚಿದಾಗ ಪಕ್ಕದಲ್ಲೇ ಇರ್ತಿದ್ರಾ?"

"ಇರಬೇಕಿತ್ತು. ಫೋನ್ ಬರುತ್ತೆ, ಯಾರೋ ಬಾಗಿಲು ತಟ್ಟುತ್ತಾರೆ. ಇರ್ತಿರಲಿಲ್ಲ."

"ಚಿತ್ರ ಬರೆಯೋಕೆ ಬರುತ್ತಾ?"

ಅವಳು ಎರಡೂ ಕೈ ಮೇಜಿನ ಮೇಲಿಟ್ಟಳು. ವಾತ ಹಿಡಿದು ಬೆರಳುಗಳು ಸೊಟ್ಟಗಾಗಿದ್ದವು. ಬೇರೆಯವರ ಕೈಲಿ ಬರೆಸಿರಬಹುದಲ್ಲ ಎಂದು ಬೆಕರ್ ಆಮೇಲೆ ಅಂದಳು. ಬರೆಸಿರಬಹುದು. ಹತ್ತೊಂಬತ್ತು ವರ್ಷ ದುಡಿದ ಮನೆಯಲ್ಲಿ ಒಂದೇ ಸಂಜೆಗೆ ಕಳ್ಳಿ ಅನ್ನಿಸಿಕೊಂಡ ಹೆಂಗಸನ್ನು ಹೃಷೀಕೇಶ ಕಾರಿನ ತನಕ ಬಿಟ್ಟುಬಂದಿದ್ದ. ಯಾರ ಕೈ ಕೆಲಸ ಇದು ಅನ್ನುವುದು ಶುಕ್ರವಾರದೊಳಗೆ ತಿಳಿಯದಿದ್ದರೆ ಇವಳ ಹೆಸರಿಗೇ ಮೆತ್ತುತ್ತಾರೆ.

ಬುಧವಾರ ಬೆಳಿಗ್ಗೆ ಐದಕ್ಕೆ ಅವನು ಒಬ್ಬನೇ ಎಲ್ಕ್ ಗ್ರೋವ್‌ಗೆ ಹೊರಟ. ಸುಮಾರು ಮುನ್ನೂರು ಮೈಲಿ, ಫ್ಯಾರನ್‌ಹೀಟ್ ಲೆಕ್ಕದಲ್ಲಿ ಇಪ್ಪತ್ತೆಂಟು ಡಿಗ್ರಿ, ನೀರು ಹೆಪ್ಪುಗಟ್ಟುವ ಚಳಿ, ಹೈವೇ ಉದ್ದಕ್ಕೂ ರಿಪೇರಿಯ ಕಿತ್ತಳೆ ಬಣ್ಣದ ಡಬ್ಬಗಳು. ಈ ರಸ್ತೆ ರಿಪೇರಿ ಅವನು ಕೆಲಸಕ್ಕೆ ಸೇರಿದಾಗಿನಿಂದ ನಡೆದೇ ಇತ್ತು. ಶಿಕಾಗೊ ಕಡೆಯ ಗಡಿಯಾರ ಒಂದು ಗಂಟೆ ಹಿಂದೆ ಇರುವುದರಿಂದ ಅಲ್ಲಿನ ಒಂಬತ್ತೂವರೆಗೇ ತಲುಪಿದ. ಸಪಾಟು ಗೋದಾಮುಗಳ ಸಾಲು, ಒಂದರ ಬೆನ್ನಿಗೊಂದು ತಲೆ ಸವರಿಕೊಂಡೇ ಇಳಿಯುವ ವಿಮಾನಗಳು. ಅಂಥದ್ದೊಂದು ಗೋದಾಮಿನ ಒಳಗೆ, ಬಿಳಿ ಕೋಟಿನ ತಪಾಸಣೆಗಾರ ಹನ್ನೆರಡೂ ಹಾಳೆಗಳನ್ನು ಉದ್ದ ಮೇಜಿನ ಮೇಲೆ ಹರಡಿದ್ದ.

ಚಿತ್ರಗಳು ಚೆನ್ನಾಗಿದ್ದವು. ಹೃಷೀಕೇಶನಿಗೆ ಅದೇ ಮೊದಲು ತೋಚಿದ್ದು. ಹೆಡೆಯಾಕಾರದ ಟೊಪ್ಪಿಗೆ, ಬಳುಕಿದ ಸೊಂಟ, ಹಾರುತ್ತಿರುವ ನೆರಿಗೆ. ಹಾಳೆಯೊಳಗೇ ಗಾಳಿ ಬೀಸುತ್ತಿದೆ ಅನ್ನುವಂತಿತ್ತು.

ತಪಾಸಣೆಗಾರ ದೀಪ ಆರಿಸಿ ನೇರಳೆ ಬೆಳಕಿನ ಲ್ಯಾಂಪ್ ಹಿಡಿದ. ಹಳೆಯ ಕಾಲದ ಬಿಳಿ ಬಣ್ಣವಾಗಿದ್ದರೆ ಈ ಬೆಳಕಿಗೆ ತಿಳಿಹಸಿರಾಗಿ ಹೊಳೆಯಬೇಕಿತ್ತು. ಒಂಬತ್ತು ಹಾಳೆಗಳಲ್ಲಿ ಬಿಳಿ ಇದ್ದ ಕಡೆಯೆಲ್ಲ ಕಪ್ಪಗೆ ಸತ್ತುಬಿದ್ದಿತ್ತು, ಈಗಿನ ಟ್ಯೂಬಿನ ಬಣ್ಣ. ಕಾಗದ ಮಾತ್ರ ಹಳೆಯದೇ. ಅಂಥದ್ದು ಸತ್ತವರ ಮನೆ ಸಾಮಾನು ಮಾರುವ ಯಾವುದಾದರೂ ಎಸ್ಟೇಟ್ ಸೇಲ್‌ನಲ್ಲಿ ಸಿಗುತ್ತದೆ ಎಂದ. ಇನ್ನು ಮೂರು ಹಾಳೆಗಳಲ್ಲಿ ಕರಿನಾಗಗಳು. ಕಪ್ಪು, ಕಡುನೀಲಿ, ಅಷ್ಟೇ. ಬಿಳಿಯೂ ಇಲ್ಲ, ಬಟ್ಟೆ ತುಂಡೂ ಇಲ್ಲ. ಆ ಮೂರು ಅಸಲಿ ಎಂದು ಅವನು ಸಹಿ ಹಾಕಿ ಕೊಟ್ಟಿದ್ದ.

"ಇನ್ನೊಂದಿದೆ. ನನಗೆ ಅರ್ಥವಾಗಿಲ್ಲ," ಎಂದು ಲ್ಯಾಂಪನ್ನು ಬಟ್ಟೆಯ ತುಂಡಿನ ಹತ್ತಿರ ತಂದ.

ತುಂಡಿನ ಮೂಲೆಯಲ್ಲಿ, ಪಿನ್ನಿನ ಅಡಿಯಲ್ಲಿ, ಸಾಸಿವೆ ಕಾಳಿನಷ್ಟು ಹಳದಿ ಚುಕ್ಕೆಯೊಂದು ಝಗ್ಗನೆ ಹೊಳೆಯಿತು. ಎರಡನೆಯದರಲ್ಲೂ ಅದೇ ಮೂಲೆ, ಅದೇ ಚುಕ್ಕೆ. ಒಂಬತ್ತಕ್ಕೆ ಒಂಬತ್ತು. ಮಾಮೂಲಿ ಬೆಳಕಲ್ಲಿ ನೋಡಿದರೆ ಹಳೆ ಕಲೆಯಂತೆ ಕಾಣುತ್ತಿತ್ತು. ಅಂಟಿರಬಹುದು, ಗುರುತಿನ ಶಾಯಿ ಇರಬಹುದು ಅಂತ ತಪಾಸಣೆಗಾರ ಏನೇನೋ ಹೇಳುತ್ತಿದ್ದ.

ಹೃಷೀಕೇಶ ಬಗ್ಗಿ ಚುಕ್ಕೆಯನ್ನು ಹತ್ತಿರದಿಂದ ನೋಡಿದ. ಪೊಲೀಸ್ ಕೆಲಸಕ್ಕೆ ಸೇರಿದ ದಿನ, ಇಸ್ತ್ರಿ ಮಾಡಿದ ಹೊಸ ಯೂನಿಫಾರ್ಮಿನ ಕಾಲರಿನ ಒಳಗೆ ಅವನಮ್ಮ ಒದ್ದೆ ಬೆರಳಲ್ಲಿ ಒಂದು ಬೊಟ್ಟು ಅರಿಶಿನ ಒತ್ತಿದ್ದರು. ಎಷ್ಟು ಒಗೆದರೂ ಹೋಗದೆ, ಸಾರ್ಜೆಂಟ್ ಕಣ್ಣಿಗೆ ಬಿದ್ದು ಬೈಸಿಕೊಂಡಿದ್ದ. ಹೊಸ ಬಟ್ಟೆ ಅಂದರೆ ಮೂಲೆಗೆ ಅರಿಶಿನ. ಕೈ ತಾನಾಗೇ ಮಾಡುವ ಕೆಲಸ ಅದು, ಕಳ್ಳತನಕ್ಕೆ ಕೂತಾಗಲೂ ಮಾಡುತ್ತದೆ. ಛೇ, ನಮ್ಮವರೇ ಯಾರೋ ಮಾಡಿದ್ದಾರಲ್ಲ ಎಂದು ಅವನಿಗೆ ಬೇಸರ ಉಕ್ಕಿ ಬಂತು. ಗೊತ್ತಾಗದೇ ಇದ್ದಿದ್ದರೇ ಚೆನ್ನಾಗಿತ್ತು ಅಂತಲೂ ಒಂದು ಗಳಿಗೆ ಅನಿಸಿತು, ಆಮೇಲೆ ಕರೋಲ್‌ಳ ಕೈ ನೆನಪಾಯಿತು. ಇದು ಅರಿಶಿನವೇ ಎಂದು ಪರೀಕ್ಷೆ ಮಾಡಿ ಬರೆದುಕೊಡಿ ಎಂದು ಕೇಳಿ ವಾಪಸು ಹೊರಟ.

ಗುರುವಾರ ಬೆಕರ್ ರಿಜಿಸ್ಟರ್ ತಿರುವಿದಳು. ಮೂರು ವರ್ಷದಲ್ಲಿ ಫ್ರೇಮ್ ಬಿಚ್ಚಿಸಿ ಚಿತ್ರ ನೋಡಿದವರು ನಾಲ್ಕೇ ಜನ: ಒಬ್ಬ ಫೋಟೊಗ್ರಾಫರ್, ಫ್ರೇಮ್ ರಿಪೇರಿಯವನು, ಒಬ್ಬ ಪ್ರೊಫೆಸರ್, ಮತ್ತು ಗುರುದೇವಿ, ಕ್ಯಾಂಟನ್, ವೇಷ ಹೊಲಿಗೆ. ೨೦೨೩ರ ಮೇ ತಿಂಗಳಲ್ಲಿ ಬ್ರ್ಯಾಂಟ್ ಹೌಸ್‌ನಲ್ಲೊಂದು ಸಮಾರಂಭ ಇತ್ತು. ಅದಕ್ಕೆ ಮೂರು ವೇಷಗಳನ್ನು ಹಳೆ ಚಿತ್ರ ನೋಡಿ ಹೊಸದಾಗಿ ಹೊಲಿಸಿದ್ದರು, ಮೆಚ್ಚಿಗೆಯಾಗಿ ಇನ್ನಷ್ಟು ಹೊಲಿಸಿದರು. ಫೆಬ್ರವರಿಯಿಂದ ಆಗಸ್ಟ್‌ವರೆಗೆ ಮಂಗಳವಾರಗಳಂದು ಆಕೆ ಇಪ್ಪತ್ತಾರು ಸಲ ಬಂದಿದ್ದಳು. ಇಪ್ಪತ್ತಾರಕ್ಕೂ ಪಕ್ಕದಲ್ಲಿ ಕರೋಲ್ ಸಹಿ.

ಅರಿಶಿನ ಹಚ್ಚಿದ್ದಕ್ಕೆ ಒಬ್ಬರ ಮನೆ ಶೋಧಿಸಲು ವಾರಂಟ್ ಬೇಕು ಎಂದು ಜಡ್ಜ್‌ಗೆ ಅಫಿಡವಿಟ್ ಬರೆದವರು ಮಿಷಿಗನ್‌ನಲ್ಲಿ ಅವನೇ ಮೊದಲಿಗನಿರಬೇಕು. ಎರಡು ಪುಟ ಆಯಿತು. ಲ್ಯಾಬ್‌ನ ವರದಿಯೂ ಸೇರಿತು. ಶುಕ್ರವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ಸಹಿ ಬಿತ್ತು.

ಮಾರ್ಚ್ ೭, ಹತ್ತು ಗಂಟೆ ಐವತ್ತು ನಿಮಿಷ. ಪಕ್ಕದ ಊರು ಕ್ಯಾಂಟನ್‌ನ ಒಂದು ಬಡಾವಣೆ, ಒಂದೇ ಅಚ್ಚಿನ ಮನೆಗಳು. ಬಾಗಿಲು ತೆಗೆದವಳು ಗುರುದೇವಿಯ ಸೊಸೆ ಸ್ಮಿತಾ. ವರ್ಕ್ ಫ್ರಮ್ ಹೋಮ್, ಕಿವಿಯಲ್ಲಿ ಮೀಟಿಂಗ್ ನಡೆದೇ ಇತ್ತು. ವಾರಂಟ್ ನೋಡಿ ಏನೋ ಅಡ್ರೆಸ್ ತಪ್ಪಿರಬೇಕು ಎಂದಳು. ತಪ್ಪಿಲ್ಲ ಎಂದಾಗ, ಅತ್ತಿ ಬೇಸ್‌ಮೆಂಟ್‌ನಲ್ಲಿ ಹೊಲೀತಿದಾರೆ ಎಂದು ದಾರಿ ಬಿಟ್ಟಳು.

ಕೆಳಗೆ ಹೊಲಿಗೆ ಯಂತ್ರ, ಹ್ಯಾಂಗರಿಗೆ ತೂಗುಬಿಟ್ಟ ಭರತನಾಟ್ಯದ ವೇಷಗಳು, ಫ್ಲಾನೆಲ್ ಬಟ್ಟೆ ಹೊದಿಸಿದ ಕತ್ತರಿಸುವ ಮೇಜು. ಗುರುದೇವಿಗೆ ಅರವತ್ತನಾಲ್ಕು. ಬಾಯಲ್ಲಿ ಪಿನ್ನು ಕಚ್ಚಿಕೊಂಡು ನೆರಿಗೆ ಹಿಡಿಯುತ್ತಿದ್ದಳು. ಯೂನಿಫಾರ್ಮಿನ ಬೆಕರ್‌ಳನ್ನೂ, ಅವಳ ಹಿಂದೆ ಬಂದ ಇವನನ್ನೂ ನೋಡಿ, ಪಿನ್ನುಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದಳು.

"ಬ್ರ್ಯಾಂಟ್ ಹೌಸ್ ಚಿತ್ರಗಳ ವಿಷಯಕ್ಕೆ ಬಂದಿದೀವಿ," ಎಂದ ಹೃಷೀಕೇಶ. ಕನ್ನಡ ಕೇಳಿ ಆಕೆಗೆ ಸಮಾಧಾನವಾಯಿತೋ ಗಾಬರಿಯಾಯಿತೋ ಹೇಳುವುದು ಕಷ್ಟ. ಕೂಡ್ರಿ ಎಂದಳು. ಅವನು ಕೂರಲಿಲ್ಲ.

"ಕರೋಲ್‌ನ ಕೆಲಸದಿಂದ ತೆಗೆದಿದಾರೆ. ಇವತ್ತು ಅವರ ಮೇಲೆ ಕೇಸು ಹಾಕ್ತಾರೆ."

"ಆಕೀ ಮ್ಯಾಲ ಯಾಕ?" ಎಂದಳು ಗುರುದೇವಿ. "ಆಕಿಗೆ ಏನೂ ಗೊತ್ತಿಲ್ರಿ. ಅವನ್ನ ಬರದಾಕಿ ನಾನು."

ಹಾಗೆ ನೋಡಿದರೆ ತನಿಖೆ ಅಲ್ಲಿಗೇ ಮುಗಿಯಿತು. ಮೂಲೆಯ ಟ್ರಂಕನ್ನು ಆಕೆಯೇ ತೋರಿಸಿದಳು. ಇಳಕಲ್ ಸೀರೆಗಳ ಕೆಳಗೆ, ಮೆತ್ತನೆಯ ಹಳೆ ಧೋತರದಲ್ಲಿ ಸುತ್ತಿದ ಹಾಳೆಗಳು. ಬೆಕರ್ ಒಂದೊಂದನ್ನೇ ಬಿಚ್ಚಿ ವರ್ಣಿಸಿದಳು, ಹೃಷೀಕೇಶ ಬರೆದುಕೊಂಡ, ಸ್ಮಿತಾ ಸಾಕ್ಷಿಯಾಗಿ ನಿಂತಳು. ಪಂಚನಾಮೆ ಅನ್ನುವ ಮಾತಿಲ್ಲ ಇಲ್ಲಿ, ಕೆಲಸ ಮಾತ್ರ ಅದೇ. ಒಂಬತ್ತು ಬೇಕಿತ್ತು, ಒಂಬತ್ತು ಸಿಕ್ಕಿತು, ಹುಡುಕಾಟ ನಿಲ್ಲಿಸಿದರು. ಹನ್ನೆರಡೂ ಇಪ್ಪತ್ತಾಗಿತ್ತು, ಎಲ್ಲರಿಗೂ ಹಸಿವಾಗಿತ್ತು.

ಸಹಿ ಹಾಕುವಾಗ ಸ್ಮಿತಾ ಮೆಲ್ಲಗೆ ಒಂದು ಮಾತು ಹೇಳಿದಳು. ಹದಿನಾಲ್ಕು ವರ್ಷದಿಂದ ಒಂದೇ ಮನೆಯಲ್ಲಿದ್ದೇವೆ, ಅತ್ತಿಯವರಿಗೆ ಚಿತ್ರ ಬರೆಯೋಕೆ ಬರುತ್ತೆ ಅಂತಲೇ ನನಗೆ ಗೊತ್ತಿರಲಿಲ್ಲ ಎಂದು.

ಬಂಧನದ ಸಮಯ ಹನ್ನೆರಡೂ ಮೂವತ್ತೈದು. ನಿಯಮ ಅಂದಮೇಲೆ ಕೈಕೋಳ ಹಾಕಲೇಬೇಕು. ಬಳೆ ಮೇಲಕ್ಕೆ ಸರಿಸಿ ಹಾಕಿದ. ಮಿಸೆಸ್ ಬ್ರ್ಯಾಂಟ್‌ಗೆ ಕಾರಿನಿಂದಲೇ ಫೋನ್ ಮಾಡಿ, ಕರೋಲ್ ನಿರಪರಾಧಿ ಎಂದು ತಿಳಿಸಿದ. ಅವರು, ಹಾಗಾದರೆ ಸೋಮವಾರದಿಂದ ಬರಲಿ ಬಿಡಿ ಎಂದರು. ಕ್ಷಮೆ ಕೇಳುವ ಮಾತು ಬರಲಿಲ್ಲ.

ಠಾಣೆಯ ವಿಚಾರಣಾ ಕೊಠಡಿ, ಎರಡು ಗಂಟೆ ಹತ್ತು ನಿಮಿಷ. ಕ್ಯಾಮೆರಾ ಚಾಲೂ ಇತ್ತು. ಹೃಷೀಕೇಶ ಹಕ್ಕುಗಳನ್ನು ಇಂಗ್ಲಿಷಿನಲ್ಲಿ ಓದಿ, ಆಮೇಲೆ ಕನ್ನಡದಲ್ಲಿ ಬಿಡಿಸಿ ಹೇಳಿದ. ಸುಮ್ಮನಿರುವ ಹಕ್ಕಿದೆ, ವಕೀಲರನ್ನು ಕರೆಸುವ ಹಕ್ಕಿದೆ. ಸ್ಮಿತಾ ಗೊತ್ತುಮಾಡಿದ ವಕೀಲರು ಐದಕ್ಕೆ ಬರುವವರಿದ್ದರು. ಈಗ ವಶಪಡಿಸಿಕೊಂಡ ವಸ್ತುಗಳ ಪಟ್ಟಿಗೆ ಸಹಿ ಮಾತ್ರ ಸಾಕು, ಮಿಕ್ಕಿದ್ದು ಅವರು ಬಂದ ಮೇಲೆ ಎಂದ.

ಗುರುದೇವಿ ಚಾಳೀಸು ಹಾಕಿಕೊಂಡು ಪಟ್ಟಿ ಓದಿಸಿಕೊಂಡಳು. ಪ್ರತಿ ಸಾಲನ್ನೂ ಅವನು ಕನ್ನಡಕ್ಕೆ ತಿರುಗಿಸಿ ಹೇಳಿದ.

"ಒಂಬತ್ತ ಬರದೀರಿ," ಎಂದಳು.

"ಹೌದು."

"ಉಳಿದ ಮೂರು? ಆ ಕರೇ ನಾಗಗೋಳು?"

"ಅವು ಅಸಲಿ. ಲ್ಯಾಬ್‌ನೋರು ಸಹಿ ಹಾಕಿ ಕೊಟ್ಟಿದಾರೆ."

ಆಕೆ ಚಾಳೀಸು ತೆಗೆದು ಮೇಜಿನ ಮೇಲಿಟ್ಟಳು. ಅವಳ ಮುಖ ನೋಡುತ್ತಿದ್ದ ಹಾಗೆ ಹೃಷೀಕೇಶನಿಗೆ ವಿಷಯ ಹೊಳೆಯಿತು. ಇನ್ನೆರಡು ಮಾತು ಇವಳ ಬಾಯಿಂದ ಹೊರಬಿದ್ದರೆ ವಾಪಸು ತೆಗೆದುಕೊಳ್ಳುವ ದಾರಿಯಿಲ್ಲ.

"ಅಮ್ಮಾ, ವಕೀಲರು ಬರೋ ತನಕ ಏನೂ ಮಾತಾಡಬೇಡಿ. ಒಂದೊಂದು ಹಾಳೆಗೂ ಬೇರೆ ಬೇರೆ ಆರೋಪ ಬೀಳುತ್ತೆ. ಇರೋದೇ ಸಾಕು."

"ನೀವು ಹೇಳೂದು ತಿಳೀತ್ರಿ," ಎಂದಳು. "ಆದ್ರ ಅವೂ ನನ್ನವ. ಆ ಚಿತ್ರಕಾರನ ಹೆಸರಿಗೆ ಯಾಕ ಬಿಡ್ಲಿ?"

ಆಮೇಲೆ ಅವಳೇ ಹೇಳಿದಳು, ಅವನು ಸುಮ್ಮನೆ ಬರೆದುಕೊಂಡ. ಮೊದಲು ನಡೆದದ್ದು ಕಳ್ಳತನವೇ ಅಲ್ಲ, ಅಚಾತುರ್ಯ. ಅಸಲಿ ಹಾಳೆಯ ಮೇಲೆ ಅಳತೆ ಗುರುತು ಹಾಕುವಂತಿಲ್ಲವಲ್ಲ, ಎಸ್ಟೇಟ್ ಸೇಲ್‌ನಲ್ಲಿ ಅಗ್ಗಕ್ಕೆ ಸಿಕ್ಕಿದ್ದ ಹಳೆ ಕಾಗದದಲ್ಲಿ ಕೆಲಸಕ್ಕೆಂದು ಕರಿನಾಗಗಳ ಪ್ರತಿ ಬರೆದುಕೊಂಡಿದ್ದಳು. ಒಂದು ಮಂಗಳವಾರ, ಅವಕ್ಕಿನ್ನೂ ಗುರುತು ಹಾಕುವ ಮೊದಲೇ, ಗಡಿಬಿಡಿಯಲ್ಲಿ ಕರೋಲ್ ಕೈಗೆ ಪ್ರತಿಗಳನ್ನೇ ಕೊಟ್ಟು, ಅಸಲಿಯನ್ನು ಬಟ್ಟೆಯ ಸುರುಳಿಯೊಳಗೆ ಮನೆಗೆ ತಂದುಬಿಟ್ಟಳು. ಬಿಚ್ಚಿ ನೋಡಿದಾಗಲೇ ಗೊತ್ತಾದದ್ದು. ಮರುವಾರವೇ ಒಪ್ಪಿಸಿ ತಪ್ಪಾಯಿತು ಅನ್ನಬೇಕೆಂದು ಹೋದಳು. ಅದು ಸಮಾರಂಭದ ದಿನ. ಆಕೆ ಬರೆದ ಕರಿನಾಗದ ಮುಂದೆ ಜನ ಗುಂಪುಗಟ್ಟಿ ನಿಂತಿದ್ದರು. ಮಿಸೆಸ್ ಬ್ರ್ಯಾಂಟ್ ಅದರತ್ತ ಕೈ ತೋರಿಸಿ, ಇಂಥ ಕೈ ಈಗ ಎಲ್ಲೂ ಸಿಗುವುದಿಲ್ಲ ಎನ್ನುತ್ತಿದ್ದರು. ಗುರುದೇವಿ ಚಹಾದ ಕಪ್ಪು ಹಿಡಿದುಕೊಂಡು ಹಿಂದೆ ನಿಂತು ಕೇಳಿದಳು. ಸುರುಳಿ ಬಿಚ್ಚದೆ ಹಾಗೇ ಮನೆಗೆ ಬಂದಳು.

ಅಲ್ಲಿಂದ ಆಗಸ್ಟ್‌ವರೆಗೆ ಉಳಿದ ಒಂಬತ್ತನ್ನೂ ಬರೆದು, ಒಂದೊಂದಾಗಿ ಬದಲಾಯಿಸಿದಳು. ಆ ಒಂಬತ್ತು ಗೋಡೆಗೆಂದೇ ಬರೆದದ್ದು, ಮೂಲೆಗೆ ಹೊಸ ಬಟ್ಟೆಯ ತುಂಡೂ ಚುಚ್ಚಿದ್ದಳು, ಅದಕ್ಕೇ ಅರಿಶಿನ. ಕರಿನಾಗಗಳಿಗೆ ಬಟ್ಟೆಯೇ ಇರಲಿಲ್ಲ. ಆಮೇಲೆ ವರ್ಷಕ್ಕೆರಡು ಮೂರು ಸಲ ಟಿಕೆಟ್ ತಗೊಂಡು ಹೋಗಿ, ಹಜಾರದ ಬೆಂಚಿನ ಮೇಲೆ ಅರ್ಧ ಗಂಟೆ ಕೂತು ಬರುತ್ತಿದ್ದಳಂತೆ. ಟ್ರಂಕ್ ಮಾತ್ರ ಒಂದು ಸಲವೂ ತೆಗೆದಿರಲಿಲ್ಲ.

ಹೃಷೀಕೇಶ ಒಂದೇ ಪ್ರಶ್ನೆ ಕೇಳಿದ, ಮೊದಲು ಎಲ್ಲಿ ಕಲಿತಿರಿ ಎಂದು. ಧಾರವಾಡದಲ್ಲಿ ನಾಲ್ಕು ವರ್ಷ ಚಿತ್ರಕಲೆ ಕಲಿತಿದ್ದಳು. ಮದುವೆಯಾದ ಮೇಲೆ ಒಂದು ಸಲ ತವರಿಗೆ ಹೋಗಿ ವಾಪಸು ಬರುವಷ್ಟರಲ್ಲಿ, ಅವಳು ಬರೆದ ಹಾಳೆಗಳನ್ನೆಲ್ಲ ಅತ್ತೆ ರದ್ದಿಯವನಿಗೆ ಹಾಕಿದ್ದರು. ಸಿಟ್ಟಿನಿಂದಲ್ಲ, ಜಾಗ ಇರಲಿಲ್ಲ ಅಂತ. ಯಾರೂ ಅದನ್ನೊಂದು ಸುದ್ದಿ ಅಂತಲೂ ಅಂದುಕೊಳ್ಳಲಿಲ್ಲ. ಆಮೇಲೆ ಮೂವತ್ತೊಂಬತ್ತು ವರ್ಷ ಅವಳು ಚಾಕಿನಲ್ಲಿ ಬಟ್ಟೆಯ ಮೇಲೆ ಗೆರೆ ಎಳೆದದ್ದು ಬಿಟ್ಟರೆ ಬೇರೇನೂ ಬರೆದಿರಲಿಲ್ಲ.

ಗುರುದೇವಿ ಹೇಳಿದ ಜಾಗ ನೋಡಲು ಬೆಕರ್ ಮತ್ತೆ ಕ್ಯಾಂಟನ್‌ಗೆ ಹೋದಳು. ಕತ್ತರಿಸುವ ಮೇಜಿನ ಫ್ಲಾನೆಲ್ ಎತ್ತಿದರೆ ಕೆಳಗೆ ಮೂರೂ ಅಸಲಿ ಹಾಳೆ ಚಪ್ಪಟೆಯಾಗಿ, ಸುಕ್ಕಿಲ್ಲದೆ ಮಲಗಿದ್ದವು. ನಾಲ್ಕೂ ಇಪ್ಪತ್ತಕ್ಕೆ ಅವಳ ಫೋನ್ ಬಂತು. ಹೃಷೀಕೇಶ ಹೊರಗೆ ಹೋಗಿ ಮಿಸೆಸ್ ಬ್ರ್ಯಾಂಟ್‌ಗೆ ತಿಳಿಸಿದ. ಅವರು ಒಪ್ಪಲೇ ಇಲ್ಲ. ವಾದ ಮಾಡಿದರು, ಕೊನೆಗೆ ಲೈನ್ ಕಟ್ ಮಾಡಿದರು.

ಒಳಗೆ ಬಂದು ಪಟ್ಟಿಯಲ್ಲಿ ಒಂಬತ್ತು ಹೊಡೆದುಹಾಕಿ ಹನ್ನೆರಡು ಮಾಡಿದ. ಗುರುದೇವಿ ಅದರ ಪಕ್ಕದಲ್ಲಿ ನಿಧಾನವಾಗಿ, ಪೂರ್ತಿ ಹೆಸರು ಬರೆದು ಸಹಿ ಹಾಕಿದಳು. ಆಮೇಲೆ ಕೇಳಿದಳು, ಮಿಸೆಸ್ ಬ್ರ್ಯಾಂಟ್ ಏನೆಂದರು ಎಂದು.

ಹೇಳಬೇಕೋ ಬೇಡವೋ ಎಂದು ಅವನು ಒಂದು ಗಳಿಗೆ ಯೋಚಿಸಿದ. ಹೇಳಬಾರದು ಅಂತ ಯಾವ ನಿಯಮವೂ ಇರಲಿಲ್ಲ.

"ಆ ಮೂರು ನಕಲಿ ಆಗಿರೋಕೆ ಸಾಧ್ಯಾನೇ ಇಲ್ಲ ಅಂದ್ರು. ಹುಟ್ಟಿದಾಗಿನಿಂದ ನೋಡ್ತಿದೀನಿ, ಆ ಕೈ ನನಗೆ ಗೊತ್ತಾಗಲ್ವಾ, ಅಂಥಾದ್ದನ್ನ ಇವತ್ತು ಬದುಕಿರೋ ಯಾರೂ ಬರೆಯೋಕೆ ಆಗಲ್ಲ ಅಂದ್ರು."

ಗುರುದೇವಿ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು.

"ಇನ್ನೊಮ್ಮೆ ಹೇಳ್ರಿ," ಎಂದಳು.

ಅವನು ಪೆನ್ನು ಕೆಳಗಿಟ್ಟು, ಒಂದು ಮಾತೂ ಬಿಡದೆ ಇನ್ನೊಮ್ಮೆ ಹೇಳಿದ.